ಹಕ್ಕಿಯನ್ನು ಮಗುಚಿ ನೋಡಿ: ಹಳೆಯ ಮರದ ಬಾತುಗಳನ್ನು ಸಂಗ್ರಹಿಸುವವರಿಗೊಂದು ಮಾರ್ಗದರ್ಶಿ

ನಾನು ಕೊಂಡ ಮೊದಲ ಡಿಕಾಯ್, ಎಂದರೆ ಬೇಟೆಯಲ್ಲಿ ಹಕ್ಕಿಗಳನ್ನು ಸೆಳೆಯಲು ತೇಲಿಬಿಡುತ್ತಿದ್ದ ಮರದ ಬಾತು, ಒಂದು ಕರಿಬಾತು. ನ್ಯೂಜೆರ್ಸಿಯ ಕರಾವಳಿಯಲ್ಲಿ, ರಸ್ತೆಬದಿಯ ಹಳೆಸಾಮಾನಿನ ಅಂಗಡಿಯೊಂದರ ಮೂಲೆಯಲ್ಲಿ ಕುಳಿತಿತ್ತು. ‘ನೂರು ವರ್ಷ ಹಳೆಯದು, ಟಕರ್‌ಟನ್ ಊರಿನ ಷೋರ್ಡ್ಸ್ ಕೆತ್ತಿದ್ದು’ ಎಂದರು. ಕೊಕ್ಕು ಚೂಪಾಗಿತ್ತು, ಬಣ್ಣ ಅಲ್ಲಲ್ಲಿ ಸವೆದು ಮುದ್ದಾಗಿ ಕಾಣುತ್ತಿತ್ತು. ನಾನು ಚೌಕಾಸಿಯನ್ನೂ ಮಾಡದೆ ಹಣ ಎಣಿಸಿದೆ. ಮುಂದಿನ ಸೆಪ್ಟೆಂಬರಿನಲ್ಲಿ ಅದನ್ನು ಹೆಮ್ಮೆಯಿಂದ ಹಿರಿಯ ಸಂಗ್ರಾಹಕರೊಬ್ಬರ ಕೈಗಿಟ್ಟೆ. ಅವರು ತಲೆಯನ್ನು ನೋಡಲಿಲ್ಲ, ಬಣ್ಣವನ್ನೂ ನೋಡಲಿಲ್ಲ. ಥಟ್ಟನೆ ಮಗುಚಿ ಹೊಟ್ಟೆ ನೋಡಿದರು. ಆಮೇಲೆ ಕುತ್ತಿಗೆಯ ಸುತ್ತ ಹೆಬ್ಬೆರಳ ಉಗುರನ್ನು ಒಂದು ಸುತ್ತು ಆಡಿಸಿದರು. ‘ಒಡಲು ಒಳ್ಳೆಯದು, ತಲೆ ಬೇರೆ ಯಾರದೋ’ ಎಂದು ವಾಪಸು ಕೊಟ್ಟರು.

ಆಕಾಶದಲ್ಲಿ ಹಾರುವ ಬಾತು ಈ ಮರದ ಹಕ್ಕಿಯನ್ನು ಮೇಲಿನಿಂದ ನೋಡಿ ಮೋಸಹೋಗುತ್ತಿತ್ತು. ನಾನೂ ಹಾಗೆಯೇ ನೋಡಿದ್ದೆ, ಹಾಗೆಯೇ ಮೋಸಹೋಗಿದ್ದೆ. ಈ ಬರಹದಲ್ಲಿ ನಾನು ಹೇಳುವುದರ ಮುಕ್ಕಾಲು ಪಾಲು ಕೆಳಗಿನಿಂದ ನೋಡುವುದು ಹೇಗೆ ಎಂಬುದರ ಬಗ್ಗೆಯೇ.

ಏನಿದು ಡಿಕಾಯ್?

ಕಾಡುಮೃಗವನ್ನು ಸೆಳೆಯಲು ಬೇಡರು ಪಳಗಿಸಿ ಒಡ್ಡುತ್ತಿದ್ದ ಮೃಗಕ್ಕೆ ಹಳೆಯ ಕನ್ನಡದಲ್ಲಿ ‘ದೀವ’ ಎಂಬ ಹೆಸರಿದೆ. ಅಮೆರಿಕದ ಜೌಗುನೆಲಗಳಲ್ಲಿ ಆ ಕೆಲಸವನ್ನು ಮರದ ಬಾತು ಮಾಡಿತು. ನೀರಿನ ಮೇಲೆ ಹತ್ತಾರು, ಕೆಲವೊಮ್ಮೆ ನೂರಾರು ಮರದ ಬಾತುಗಳನ್ನು ತೇಲಿಬಿಟ್ಟರೆ, ‘ಇಲ್ಲಿ ಮೇವಿದೆ, ಅಪಾಯವಿಲ್ಲ’ ಎಂದು ನಂಬಿ ಹಾರುವ ಹಿಂಡು ಕೆಳಗಿಳಿಯುತ್ತಿತ್ತು. ಬೇಟೆಗಾರ ದೋಣಿಯಲ್ಲೋ ಪೊದೆಯ ಮರೆಯಲ್ಲೋ ಕಾದಿರುತ್ತಿದ್ದ. ಉಪಾಯ ಅಲ್ಲಿಯ ಮೂಲನಿವಾಸಿಗಳದು. ನೆವಾಡಾ ರಾಜ್ಯದ ಲವ್‌ಲಾಕ್ ಗುಹೆಯಲ್ಲಿ 1924ರಲ್ಲಿ ಜೊಂಡುಹುಲ್ಲಿನಿಂದ ಹೆಣೆದ 11 ಡಿಕಾಯ್‌ಗಳು ಸಿಕ್ಕವು. ಅವುಗಳ ವಯಸ್ಸು ಸುಮಾರು 2000 ವರ್ಷ.

ಮರದ ಡಿಕಾಯ್‌ಗಳ ಕಾಲ ಅಷ್ಟು ದೀರ್ಘವಲ್ಲ. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಇಪ್ಪತ್ತನೆಯ ಶತಮಾನದ ನಡುವಿನವರೆಗೆ ಎಂದಿಟ್ಟುಕೊಳ್ಳಿ. ನಗರದ ಹೋಟೆಲುಗಳಿಗೆ ಕಾಡುಬಾತಿನ ಮಾಂಸ ಪೂರೈಸುವ ವೃತ್ತಿಬೇಟೆ ಬೆಳೆದಂತೆ ಡಿಕಾಯ್‌ಗಳ ಬೇಡಿಕೆಯೂ ಬೆಳೆಯಿತು. ಹಕ್ಕಿಗಳು ವಿಪರೀತ ಕ್ಷೀಣಿಸಿದ ಮೇಲೆ 1918ರ ವಲಸೆಹಕ್ಕಿ ಕಾನೂನು ಆ ವ್ಯಾಪಾರಕ್ಕೆ ಬೀಗ ಹಾಕಿತು. ಜೀವಂತ ಬಾತುಗಳನ್ನು ಕಟ್ಟಿ ಸೆಳೆಯುವುದನ್ನು 1935ರಲ್ಲಿ ನಿಷೇಧಿಸಿದರು. ಎರಡನೆಯ ಮಹಾಯುದ್ಧದ ನಂತರ ಪ್ಲಾಸ್ಟಿಕ್ ಬಂದು ಮರದ ಬಾತುಗಳು ಅಟ್ಟ ಸೇರಿದವು, ಎಷ್ಟೋ ಒಲೆಯನ್ನೂ ಸೇರಿದವು. ಅವುಗಳಲ್ಲಿ ಕಲೆಯನ್ನು ಕಂಡವರಲ್ಲಿ ಮೊದಲಿಗ ನ್ಯೂಯಾರ್ಕಿನ ವಾಸ್ತುಶಿಲ್ಪಿ ಜೋಯೆಲ್ ಬಾರ್ಬರ್. ಅವರ ಸಂಗ್ರಹ ಈಗ ವರ್ಮಾಂಟ್ ರಾಜ್ಯದ ಷೆಲ್ಬರ್ನ್ ಮ್ಯೂಸಿಯಂನಲ್ಲಿದೆ.

ಮೊದಲ ಹೆಜ್ಜೆ: ಒಂದು ನೀರನ್ನು ಆರಿಸಿಕೊಳ್ಳಿ

ಹೊಸಬರು ಮಾಡುವ ಮೊದಲ ತಪ್ಪು, ಕಂಡದ್ದನ್ನೆಲ್ಲ ಕೊಳ್ಳುವುದು. ಒಂದು ಕೊಲ್ಲಿಯನ್ನೋ ನದಿಯನ್ನೋ ಹಿಡಿದು, ಕನಿಷ್ಠ ಎರಡು ವರ್ಷ ಅದನ್ನೇ ಕಲಿಯಿರಿ. ಡಿಕಾಯ್‌ನ ಆಕಾರ ಕೆತ್ತುವವನ ಖುಷಿಯಿಂದ ಬಂದದ್ದಲ್ಲ. ನೀರು, ದೋಣಿ, ಬೇಟೆಯ ಕ್ರಮ ಮೂರೂ ಸೇರಿ ಅದನ್ನು ತೀರ್ಮಾನಿಸಿದವು. ಈ ಕಾರಣಗಳು ಗೊತ್ತಾದರೆ ಅರ್ಧ ಗುರುತು ಹಿಡಿದಂತೆ.

ನನ್ನ ನೀರು ನ್ಯೂಜೆರ್ಸಿಯ ಬಾರ್ನೆಗಾಟ್ ಕೊಲ್ಲಿ. ಇಲ್ಲಿಯ ಬೇಟೆಗಾರರು ಬಳಸುತ್ತಿದ್ದುದು ಸ್ನೀಕ್‌ಬಾಕ್ಸ್ ಎಂಬ ಪುಟ್ಟ, ಚಪ್ಪಟೆ ದೋಣಿ. ಅದನ್ನು 1836ರಲ್ಲಿ ವೆಸ್ಟ್ ಕ್ರೀಕ್ ಊರಿನ ಹೇಜಲ್ಟನ್ ಸೀಮನ್ ರೂಪಿಸಿದನೆಂಬುದು ಪ್ರತೀತಿ. ಅಷ್ಟು ಸಣ್ಣ ದೋಣಿಯಲ್ಲಿ ಮನುಷ್ಯ, ಬಂದೂಕು, ಮೂರು ಡಜನ್ ಬಾತು ಎಲ್ಲವೂ ಹಿಡಿಸಬೇಕು. ಆದ್ದರಿಂದ ಬಾತು ಹಗುರವಾಗಿರಲೇಬೇಕು. ಜೌಗಿನಲ್ಲೇ ಬೆಳೆಯುವ ಬಿಳಿ ಸೀಡರ್ ಮರದ ಎರಡು ತುಂಡುಗಳನ್ನು ಬೋಗುಣಿಯಂತೆ ಕೊರೆದು, ಒಂದರ ಮೇಲೊಂದು ಕೂಡಿಸಿ, ನಡುವಿನ ಗೆರೆಗೆ ಬಿಳಿಸೀಸದ ಬಣ್ಣ ಮೆತ್ತಿ ಮೊಳೆ ಹೊಡೆದರು. ಕೈಗೆತ್ತಿಕೊಂಡರೆ ‘ಇಷ್ಟೇನಾ?’ ಎನ್ನಿಸುವಷ್ಟು ಹಗುರ. ಟಕರ್‌ಟನ್‌ನ ಹ್ಯಾರಿ ಷೋರ್ಡ್ಸ್ (1861–1920) ಈ ಮಾದರಿಯ ದೊಡ್ಡ ಹೆಸರು. ಕಸುಬಿನಿಂದ ಮನೆಗೆ ಬಣ್ಣ ಬಳಿಯುವವನು. ಕ್ಷೌರದ ಕುರ್ಚಿಯಲ್ಲಿ ಗಡ್ಡ ಮಾಡಿಸಿಕೊಳ್ಳುತ್ತಲೇ ಒಂದು ತಲೆ ಕೆತ್ತಿ ಮುಗಿಸುತ್ತಿದ್ದ ಎಂಬ ಕಥೆ ಈಗಲೂ ಓಡಾಡುತ್ತಿದೆ. ಅಂದಹಾಗೆ ಈ ಕಡೆಯ ಹಳೆಯ ಬೇಟೆಗಾರರು ಡಿಕಾಯ್ ಎನ್ನುತ್ತಿರಲಿಲ್ಲ, ‘ಸ್ಟೂಲ್’ ಎನ್ನುತ್ತಿದ್ದರು.

ಅಲ್ಲಿಂದ ಪಶ್ಚಿಮಕ್ಕೆ ಕಾರಿನಲ್ಲಿ ಒಂದೆರಡು ಗಂಟೆ ಹೋದರೆ ಡೆಲವೇರ್ ನದಿ. ಅಲ್ಲಿ ಬೇಟೆಯ ಕ್ರಮವೇ ಬೇರೆ. ಬಾತುಗಳನ್ನು ತೇಲಿಬಿಟ್ಟು ಬೇಟೆಗಾರ ದೋಣಿಯಲ್ಲಿ ದೂರ ಹೋಗುತ್ತಿದ್ದ. ಕಾಡುಬಾತುಗಳು ಬಂದು ಕುಳಿತ ಮೇಲೆ ಮೆಲ್ಲಗೆ ಹುಟ್ಟುಹಾಕುತ್ತ ಹತ್ತಿರ ಬರುತ್ತಿದ್ದ. ಅಷ್ಟು ಹೊತ್ತೂ ನಿಜವಾದ ಬಾತು ಮರದ ಬಾತಿನ ಪಕ್ಕದಲ್ಲೇ ಈಜುತ್ತಿರುತ್ತದೆ. ಅನುಮಾನ ಬರಬಾರದು. ಅದಕ್ಕೇ ಡೆಲವೇರ್ ಡಿಕಾಯ್‌ಗಳಲ್ಲಿ ರೆಕ್ಕೆಯ ತುದಿ ಉಬ್ಬಿ ನಿಂತಿರುತ್ತದೆ, ಗರಿಗಳ ಗೆರೆ ಕೆತ್ತಿರುತ್ತದೆ, ಕುತ್ತಿಗೆ ನೆಮ್ಮದಿಯಿಂದ ತಗ್ಗಿರುತ್ತದೆ.

ಮೇರಿಲ್ಯಾಂಡಿನ ಸಸ್ಕ್ವೆಹಾನಾ ನದಿಮುಖದ ಆಳವಿಲ್ಲದ ಹರವಿನಲ್ಲಿ ಇಂಥ ನಾಜೂಕಿಗೆ ಪುರಸೊತ್ತಿರಲಿಲ್ಲ. ಅಲ್ಲಿ ಬೇಟೆಗಾರ ಸಿಂಕ್‌ಬಾಕ್ಸ್ ಎಂಬ, ನೀರಿನ ಮಟ್ಟಕ್ಕೆ ಮುಳುಗಿಸಿದ ಪೆಟ್ಟಿಗೆಯಲ್ಲಿ ಮಲಗಿ ಸುತ್ತ ನೂರಾರು ಬಾತು ಹರಡುತ್ತಿದ್ದ. ಹೀಗಾಗಿ ಗಟ್ಟಿ ಮರ, ಗುಂಡು ಹೊಟ್ಟೆ, ಸರಳ ಬಣ್ಣ. ಪೆಟ್ಟಿಗೆಯ ಅಂಚನ್ನು ತಗ್ಗಿಸಲು ಇಟ್ಟ ಎರಕದ ಕಬ್ಬಿಣದ ಬಾತುಗಳೂ ಉಂಟು. ಅವುಗಳ ಹೊಸ ನಕಲುಗಳು ಲೆಕ್ಕವಿಲ್ಲದಷ್ಟಿವೆ, ಹೊಸಬರು ದೂರವಿರುವುದು ಲೇಸು. ಉತ್ತರದ ಮೇಯ್ನ್ ರಾಜ್ಯದಲ್ಲಿ ಕಡಲು ಒರಟು, ಹಿಮ ಬೇರೆ. ಅಲ್ಲಿಯ ಬಾತು ದಪ್ಪ, ಅಗಲ. ಒಡಲಿನಲ್ಲಿ ಗುಳಿ ತೋಡಿ ಕುತ್ತಿಗೆಯನ್ನು ಅದರೊಳಗೆ ಕೂರಿಸಿರುತ್ತಾರೆ. ಅಲ್ಲಿಯ ಹೆಸರಾಂತ ಕುಶಲಿ ಗಸ್ ವಿಲ್ಸನ್ ದೀಪಸ್ತಂಭದ ಕಾವಲುಗಾರ.

ಇಲಿನಾಯ್ ನದಿಯ ನೀರು ಶಾಂತ, ಅಲ್ಲಿಯ ಬಾತುಗಳ ಬಣ್ಣಗಾರಿಕೆ ಅಪೂರ್ವ. ಇಲ್ಲಿ ಒಂದು ಮಾತು ಹೇಳಲೇಬೇಕು. ಚಾರ್ಲ್ಸ್ ಪರ್ಡ್ಯೂ, ರಾಬರ್ಟ್ ಎಲಿಸ್ಟನ್ ಎಂದು ಹರಾಜಿನ ಪುಸ್ತಿಕೆಗಳು ಗಂಡಸರ ಹೆಸರನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕುತ್ತವೆ. ಬಣ್ಣ ಹಚ್ಚಿದವರು ಅವರ ಹೆಂಡತಿಯರಾದ ಎಡ್ನಾ ಪರ್ಡ್ಯೂ ಮತ್ತು ಕ್ಯಾಥರಿನ್ ಎಲಿಸ್ಟನ್. ಬೆಲೆ ನಿಲ್ಲುವುದು ಬಣ್ಣದ ಮೇಲೆ ಎಂಬುದು ಮುಂದೆ ತಿಳಿಯುತ್ತದೆ. ಆಗ ಈ ಅನ್ಯಾಯವನ್ನು ನೆನಪಿಸಿಕೊಳ್ಳಿ.

ಎರಡನೆಯ ಹೆಜ್ಜೆ: ಕೊಳ್ಳುವ ಮೊದಲು ಕೈಯಿಂದ ಕಲಿಯಿರಿ

ಚಿತ್ರ ನೋಡಿ ಡಿಕಾಯ್ ಕಲಿಯಲಾಗದು. ಟಕರ್‌ಟನ್ ಬಂದರಿನ ಮ್ಯೂಸಿಯಂ, ಮೇರಿಲ್ಯಾಂಡಿನ ಹಾವ್ರ್ ಡಿ ಗ್ರೇಸ್ ಊರಿನ ಡಿಕಾಯ್ ಮ್ಯೂಸಿಯಂ, ಷೆಲ್ಬರ್ನ್ ಇವು ಕಣ್ಣಿಗೆ ಪಾಠ. ಕೈಗೆ ಪಾಠ ಬೇಕಾದರೆ ಪ್ರದರ್ಶನಗಳಿಗೆ ಹೋಗಿ. ಟಕರ್‌ಟನ್ನಿನಲ್ಲಿ ಪ್ರತಿ ಸೆಪ್ಟೆಂಬರಿನ ಕೊನೆಯ ವಾರಾಂತ್ಯ ನಡೆಯುವ ಡಿಕಾಯ್ ಮೇಳದಲ್ಲಿ ಜನ ಕಾರಿನ ಡಿಕ್ಕಿ ತೆರೆದು ಮಾರುತ್ತಾರೆ. ‘ಮಗುಚಿ ನೋಡಬಹುದೇ?’ ಎಂದು ಕೇಳಿ. ಬೇಡವೆನ್ನುವವನ ಮೇಜಿನಿಂದ ಮುಂದೆ ನಡೆಯಿರಿ. ದೊಡ್ಡ ಹರಾಜು ಸಂಸ್ಥೆಗಳು ಹರಾಜಿಗೆ ಮೊದಲು ಎಲ್ಲವನ್ನೂ ನೋಡಲು, ಮುಟ್ಟಲು ಬಿಡುತ್ತವೆ. ಒಂದು ಡಾಲರ್ ಖರ್ಚಿಲ್ಲದೆ ಒಂದೇ ಬೆಳಗ್ಗೆ ನೂರು ಒಳ್ಳೆಯ ಬಾತುಗಳ ಹೊಟ್ಟೆ ನೋಡುವ ಅವಕಾಶ ಬೇರೆಲ್ಲೂ ಸಿಗದು.

ಜೇಬಿನಲ್ಲಿ ಮೂರು ಸಾಮಾನು ಇರಲಿ: ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಸಾದಾ ಟಾರ್ಚು, ಅತಿನೇರಳೆ ಬೆಳಕಿನ ಪುಟ್ಟ ಟಾರ್ಚು.

ಮೂರನೆಯ ಹೆಜ್ಜೆ: ಮಗುಚಿ

ಹೊಟ್ಟೆಯೇ ಡಿಕಾಯ್‌ನ ಜಾತಕ. ಅಂಗಡಿಯವನು ಬೆನ್ನನ್ನು ಚೆಂದ ಮಾಡಿರುತ್ತಾನೆ. ಹೊಟ್ಟೆಗೆ ಅಷ್ಟು ಶ್ರಮ ಹಾಕುವವರು ಕಡಿಮೆ.

ಮೊದಲು ಭಾರ ನೋಡಿ. ಅಲೆಗೆ ಮಗುಚಿಕೊಳ್ಳದಿರಲು ಪ್ರತಿ ತೇಲುವ ಬಾತಿಗೂ ಅಡಿಯಲ್ಲಿ ತೂಕ ಬೇಕು. ಷೋರ್ಡ್ಸ್‌ನ ಬಾತುಗಳಲ್ಲಿ ಹೊಟ್ಟೆಗೆ ಆಯತಾಕಾರದ ಗುಂಡಿ ಕೊರೆದು ಸೀಸ ಎರೆದಿರುತ್ತದೆ. ಬೇರೆ ಕಡೆ ಸೀಸದ ಪಟ್ಟಿ, ಮರದ ಅಡಿಪಟ್ಟಿ, ಕೈಗೆ ಸಿಕ್ಕ ಕಬ್ಬಿಣದ ಚೂರು, ಏನೂ ಇರಬಹುದು. ಭಾರವೇ ಇಲ್ಲವೆಂದರೆ ಅದು ಇದ್ದ ಗುರುತಾದರೂ ಇರಬೇಕು: ಮೊಳೆಯ ತೂತು, ಸುತ್ತಲಿಗಿಂತ ತಿಳಿಯಾದ ಮರದ ನೆರಳು. ಎರಡೂ ಇಲ್ಲದಿದ್ದರೆ ಅದು ನೀರು ಕಂಡ ಬಾತಲ್ಲ, ಷೋಕೇಸಿಗೆಂದೇ ಹುಟ್ಟಿದ್ದು. ಎದೆಯ ಬಳಿ ಲಂಗರಿನ ದಾರ ಕಟ್ಟಲು ಚರ್ಮದ ಕುಣಿಕೆಯೋ ಕೊಂಡಿಯೋ ಇರುತ್ತದೆ. ದಾರ ಉಜ್ಜಿ ಉಜ್ಜಿ ಮರದಲ್ಲಿ ಮೂಡಿದ ಸಣ್ಣ ತಗ್ಗನ್ನು ನಕಲುಗಾರರು ಬಹುಮಟ್ಟಿಗೆ ಮರೆಯುತ್ತಾರೆ.

ಆಮೇಲೆ ಮೊಳೆ. ಹಳೆಯ ಕಬ್ಬಿಣದ ಮೊಳೆಯ ತುಕ್ಕು ದಶಕಗಳ ಕಾಲ ಮರಕ್ಕೆ ಇಳಿದು ಸುತ್ತ ಕಪ್ಪು ಉಂಗುರ ಕಟ್ಟಿರುತ್ತದೆ. ಹೊಸ ಮೊಳೆಗೆ ತುಕ್ಕು ಹಿಡಿಸುವುದು ಸುಲಭ, ಆ ಉಂಗುರ ಮೂಡಿಸುವುದು ಕಷ್ಟ. ತಲೆಯ ಮೇಲೆ ಅಧಿಕ ಚಿಹ್ನೆಯಂತೆ ಗೀರಿರುವ ಸ್ಕ್ರೂ ಕಂಡರೆ ಕಿವಿ ನಿಮಿರಲಿ. ಆ ಬಗೆಯ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ‘1900ರ ಬಾತು’ ಎಂದು ಹೇಳಿದ್ದರಲ್ಲಿ ಅದಿದ್ದರೆ, ಒಂದೋ ರಿಪೇರಿ, ಇಲ್ಲವೇ ಸುಳ್ಳು.

ಹೊಟ್ಟೆಯ ಮೇಲೆ ಸುಟ್ಟ ಅಕ್ಷರಗಳಿದ್ದರೆ ಹಿಗ್ಗಬೇಡಿ, ಓದಿ. ಅವು ಸಾಮಾನ್ಯವಾಗಿ ಮಾಲೀಕನ ಇಲ್ಲವೇ ಬೇಟೆಗಾರರ ಕ್ಲಬ್ಬಿನ ಮುದ್ರೆಗಳು. ಕಳ್ಳತನವಾಗದಿರಲಿ ಎಂದು ಹಾಕಿದ್ದು. ನಮ್ಮಲ್ಲಿ ಮದುವೆಮನೆಯ ಪಾತ್ರೆಗೆ ಹೆಸರು ಕೊರೆಸಿದಂತೆ. ಕೆತ್ತಿದವನ ಮುದ್ರೆ ಅಪರೂಪ. ಮ್ಯಾಸಚೂಸೆಟ್ಸ್‌ನ ಈಸ್ಟ್ ಹಾರ್ವಿಚ್ ಊರಿನ ಎಲ್ಮರ್ ಕ್ರೋವೆಲ್ (1862–1952) ಅಂಡಾಕಾರದ ಸುಟ್ಟ ಮುದ್ರೆಯನ್ನೂ, ಮುಂದೆ ಆಯತಾಕಾರದ ಮುದ್ರೆಯನ್ನೂ ಬಳಸಿದ. ಮುದ್ರೆ ನಕಲು ಮಾಡುವುದು ಬಾತು ನಕಲು ಮಾಡುವುದಕ್ಕಿಂತ ಸುಲಭ ಎಂಬುದು ಮರೆಯದಿರಲಿ.

ಈಗ ಕುತ್ತಿಗೆ. ತಲೆ, ಒಡಲು ಬೇರೆ ಬೇರೆ ತುಂಡುಗಳಾದ್ದರಿಂದ ಕೂಡುಗೆರೆ ಇದ್ದೇ ಇರುತ್ತದೆ. ಆ ಗೆರೆ ದಾಟುವಾಗ ಬಣ್ಣದ ಬಿರುಕು, ಸವೆತ, ಬಣ್ಣದ ದಪ್ಪ ಒಂದೇ ತೆರನಾಗಿ ಮುಂದುವರಿಯುತ್ತವೆಯೇ? ನನ್ನ ಕರಿಬಾತಿನಲ್ಲಿ ಒಡಲಿನ ಬಣ್ಣ ಮೊಸಳೆಯ ಚರ್ಮದಂತೆ ಬಿರಿದಿತ್ತು, ತಲೆಯ ಬಣ್ಣ ನುಣುಪಾಗಿತ್ತು. ಕುತ್ತಿಗೆಯ ಬುಡದಲ್ಲಿ ಪುಟ್ಟಿ ಮೆತ್ತಿ ಮೊಳೆಯೊಂದನ್ನು ಮುಚ್ಚಿದ್ದರು. ನಾನು ಅಷ್ಟು ದಿನ ಅದರ ಮುಖ ನೋಡುತ್ತ ಕುಳಿತಿದ್ದೆ! ಡೆಟ್ರಾಯಿಟ್‌ನ ಮೇಸನ್ ಕಾರ್ಖಾನೆಯ ಬಾತುಗಳಲ್ಲಿ ಮಾತ್ರ ಕುತ್ತಿಗೆಯ ಪುಟ್ಟಿ ಉದುರಿಹೋಗಿರುವುದು ಸಾಮಾನ್ಯ, ಅದರಿಂದ ಗಾಬರಿ ಬೇಡ.

ಕೊಕ್ಕು ಎಲ್ಲಕ್ಕಿಂತ ಮೊದಲು ಮುರಿಯುವ ಭಾಗ. ಭೂತಗನ್ನಡಿಯಲ್ಲಿ ಮರದ ಎಳೆ ಕೆನ್ನೆಯಿಂದ ಕೊಕ್ಕಿನ ತುದಿಯವರೆಗೆ ತಡೆಯಿಲ್ಲದೆ ಹರಿಯಬೇಕು. ನಡುವೆ ದಿಕ್ಕು ಬದಲಾದರೆ ಕೊಕ್ಕು ಹೊಸದು. ಬಾಲದ ತುದಿಗೂ ಇದೇ ಪರೀಕ್ಷೆ. ಬೆಲೆ ಸಾವಿರ ಡಾಲರ್ ದಾಟಿದರೆ ಎಕ್ಸ್‌ರೇ ಚಿತ್ರ ಕೇಳುವುದು ಈ ವಲಯದಲ್ಲಿ ಒರಟುತನವಲ್ಲ. ಒಳಗಿನ ಮೊಳೆ, ಹೊಸ ತಿರುಪು, ಹೊಕ್ಕಿರುವ ಛರೆಗುಂಡು ಎಲ್ಲವೂ ಕಾಣುತ್ತವೆ.

ನಾಲ್ಕನೆಯ ಹೆಜ್ಜೆ: ಬಣ್ಣದ ಲೆಕ್ಕ

ಒಂದೇ ಕೈ, ಒಂದೇ ವರ್ಷ, ಒಂದೇ ಮರದ ಎರಡು ಬಾತುಗಳ ಬೆಲೆಯಲ್ಲಿ ಹತ್ತು ಪಟ್ಟು ವ್ಯತ್ಯಾಸವಿದ್ದರೆ ಕಾರಣ ಬಣ್ಣ. ಮೂರು ದರ್ಜೆಗಳನ್ನು ಕಲಿತುಕೊಳ್ಳಿ. ಕೆತ್ತಿದವನೇ ಹಚ್ಚಿದ ಮೂಲಬಣ್ಣ ಎಲ್ಲಕ್ಕಿಂತ ಮೇಲು, ಎಷ್ಟೇ ಸವೆದಿರಲಿ. ಬೇಟೆಗಾರ ಪ್ರತಿ ಹಂಗಾಮಿಗೆ ಮುನ್ನ ಕೊಟ್ಟಿಗೆಯಲ್ಲಿ ಕುಳಿತು ಬಳಿದ ಹಳೆಯ ಮರುಬಣ್ಣ ಎರಡನೆಯದು. ಅದು ಬಾತಿನ ಬದುಕಿನ ಭಾಗ, ಅದಕ್ಕೂ ಮರ್ಯಾದೆ ಇದೆ. ಮಾರಾಟಕ್ಕೆಂದು ಇತ್ತೀಚೆಗೆ ಹಚ್ಚಿದ್ದು ಮೂರನೆಯದು. ಮಾರುವವನು ಅದನ್ನು ಹೇಳಿ ಮಾರಿದರೆ ಜೀರ್ಣೋದ್ಧಾರ, ಹೇಳದೆ ಮಾರಿದರೆ ವಂಚನೆ.

ಪತ್ತೆ ಹೇಗೆ? ಬಿರುಕಿನೊಳಗೆ ನೋಡಿ. ಮರ ಬಿರಿದದ್ದು ಬಣ್ಣ ಹಚ್ಚಿದ ಮೇಲಾದರೆ ಬಿರುಕಿನ ಒಳಗೋಡೆ ಬರಿಮರ. ಬಣ್ಣ ಬಿರುಕಿನೊಳಕ್ಕೆ ಹರಿದಿದ್ದರೆ ಆ ಬಣ್ಣ ಬಿರುಕಿಗಿಂತ ಕಿರಿಯದು. ಇಡೀ ವಿದ್ಯೆಯಲ್ಲಿ ನನಗೆ ಅತ್ಯಂತ ಹೆಚ್ಚು ಹಣ ಉಳಿಸಿಕೊಟ್ಟ ಸೂತ್ರ ಇದು. ಎರಡನೆಯದಾಗಿ, ಸವೆತ ಎಲ್ಲಿದೆ ಎಂದು ಕೇಳಿಕೊಳ್ಳಿ. ಬೇಟೆಗಾರ ಬಾತನ್ನು ತಲೆ ಹಿಡಿದು ಎತ್ತುತ್ತಾನೆ, ಚೀಲದಲ್ಲಿ ಒಂದರ ಪಕ್ಕೆಗೊಂದು ತಿಕ್ಕುತ್ತದೆ, ಬಾಲ ದೋಣಿಯ ಅಂಚಿಗೆ ಬಡಿಯುತ್ತದೆ. ಸವೆತ ಅಲ್ಲೆಲ್ಲ ಇರಬೇಕು. ಕೈ ತಾಗದ ಕುತ್ತಿಗೆಯ ಸಂದಿಯಲ್ಲೂ ಬೆನ್ನಿನ ನಟ್ಟನಡುವೆಯೂ ಸಮನಾಗಿ ಸವೆದಿದ್ದರೆ ಅದು ಉಪ್ಪುಕಾಗದದ ಕೆಲಸ. ಅತಿನೇರಳೆ ಬೆಳಕಿನಲ್ಲಿ ತೇಪೆ ಹಾಕಿದ ಜಾಗ ನೆರೆಯ ಬಣ್ಣಕ್ಕಿಂತ ಬೇರೆಯಾಗಿ ಹೊಳೆಯುತ್ತದೆ ಅಥವಾ ಕಪ್ಪಾಗಿ ಕಾಣುತ್ತದೆ. ಹಳೆಯ ವಾರ್ನಿಷ್ ಕೂಡ ಹೊಳೆಯುವುದರಿಂದ ಇದನ್ನು ಕೊನೆಯ ತೀರ್ಪೆಂದು ತಿಳಿಯಬೇಡಿ. ಮೂಗೂ ಒಂದು ಉಪಕರಣವೇ: ಎಣ್ಣೆಬಣ್ಣದ ವಾಸನೆ ಬರುವ ‘ಶತಮಾನದ ಬಾತು’ಗಳನ್ನು ನಾನು ಎರಡು ಸಲ ಮೂಸಿದ್ದೇನೆ.

ಐದನೆಯ ಹೆಜ್ಜೆ: ಬೆಲೆ

2007ರಲ್ಲಿ ಕ್ರೋವೆಲ್ ಕೆತ್ತಿದ ಎರಡು ಡಿಕಾಯ್‌ಗಳು ತಲಾ ಸುಮಾರು 11.3 ಲಕ್ಷ ಡಾಲರಿಗೆ ಮಾರಾಟವಾದವು. ಒಂದು ನಿದ್ರಿಸುವ ಕೆನಡಾ ಹೆಬ್ಬಾತು, ಇನ್ನೊಂದು ಗರಿ ತಿದ್ದಿಕೊಳ್ಳುವ ಸೂಜಿಬಾಲದ ಗಂಡುಬಾತು. ಅದೇ ಜಾತಿಯ ಸೂಜಿಬಾಲದ ಬಾತು ಚಳಿಗಾಲದಲ್ಲಿ ನಮ್ಮ ಕರ್ನಾಟಕದ ಕೆರೆಗಳಿಗೂ ಬಿಟ್ಟಿಯಾಗಿ ಬಂದಿಳಿಯುತ್ತದೆ. ಕ್ರೋವೆಲ್ ಬೇಟೆಶಿಬಿರವೊಂದನ್ನು ನೋಡಿಕೊಳ್ಳುತ್ತ ಜೀವಂತ ಸೆಳೆಬಾತುಗಳನ್ನು ಸಾಕಿದ್ದವನು. ಆ ಗರಿ ತಿದ್ದುವ ಭಂಗಿ ಎಲ್ಲಿಂದ ಬಂತೆಂದು ಊಹಿಸಬಹುದು.

ಈ ಅಂಕಿಗಳಿಗೆ ಹೆದರಬೇಕಿಲ್ಲ, ಆಸೆಯನ್ನೂ ಪಡಬೇಕಿಲ್ಲ. ಹೆಸರು ತಿಳಿಯದ, ಬೇಟೆಗಾರನ ಮರುಬಣ್ಣದ ಗಟ್ಟಿ ಬಾತು ಈಗಲೂ ನೂರಿನ್ನೂರು ಡಾಲರಿಗೆ ಸಿಗುತ್ತದೆ. 1896ರಿಂದ 1924ರವರೆಗೆ ನಡೆದ ಮೇಸನ್ ಕಾರ್ಖಾನೆಯ ಕೆಳದರ್ಜೆಯವು ಹೊಸಬರಿಗೆ ಒಳ್ಳೆಯ ಪಾಠಶಾಲೆ. ಒಡಲನ್ನು ಯಂತ್ರದಲ್ಲಿ ಕಡೆದರೂ ಬಣ್ಣ ಕೈಯದೇ. ದರ್ಜೆಗಳನ್ನು ಕಣ್ಣಿನಿಂದಲೇ ಹೇಳಬಹುದು: ಗಾಜಿನ ಕಣ್ಣು ಮೇಲು, ಗುಂಡುಮೊಳೆಯ ಕಣ್ಣು ಅದಕ್ಕಿಂತ ಕೆಳಗೆ, ಬರೀ ಬಣ್ಣದ ಕಣ್ಣು ಕೊನೆಗೆ.

ಜಾತಿಯೂ ಬೆಲೆ ಕಟ್ಟುತ್ತದೆ. ಹೆಚ್ಚು ಬೇಟೆಯಾಡಿದ ಬಾತುಗಳ ಡಿಕಾಯ್‌ಗಳು ಹೇರಳ. 1918ರಿಂದ 1941ರವರೆಗೆ ಬೇಟೆ ನಿಷೇಧವಾಗಿದ್ದ ‘ವುಡ್ ಡಕ್’ ಎಂಬ ಜಾತಿಯ ಬಾತಿನವು ವಿರಳ. ಹೆಣ್ಣುಬಾತುಗಳನ್ನು ಕಡಿಮೆ ಕೆತ್ತುತ್ತಿದ್ದುದರಿಂದ ಕೆಲವರ ಕೆಲಸದಲ್ಲಿ ಮಂಕುಬಣ್ಣದ ಹೆಣ್ಣೇ ದುಬಾರಿ. ಮರಳಿನಲ್ಲಿ ಕೋಲಿಗೆ ಸಿಕ್ಕಿಸುವ ತೀರದ ಹಕ್ಕಿಗಳದು ಬೇರೆಯೇ ಲೋಕ. ಚಿಕ್ಕವು, ಭಾರವಿಲ್ಲ, ದಾರವಿಲ್ಲ, ಅಂದರೆ ಹೊಟ್ಟೆಯ ಸಾಕ್ಷ್ಯವೇ ಇಲ್ಲ. ನಕಲುಗಾರನಿಗೆ ಇದಕ್ಕಿಂತ ಇನ್ನೇನು ಬೇಕು? ಐದು ವರ್ಷ ಕಳೆಯುವವರೆಗೆ ಅತ್ತ ಸುಳಿಯಬೇಡಿ.

ಹರಾಜಿನಲ್ಲಿ ಕೂಗಿದ ಬೆಲೆಯ ಮೇಲೆ ಸಂಸ್ಥೆಯ ಪಾಲು ಸೇರುತ್ತದೆ, ಸಾಮಾನ್ಯವಾಗಿ ಐದನೆಯ ಒಂದು ಭಾಗದ ಆಸುಪಾಸು. ಮಿತಿಯನ್ನು ಅದನ್ನೂ ಸೇರಿಸಿ ಚೀಟಿಯಲ್ಲಿ ಬರೆದುಕೊಂಡು ಹೋಗಿ. ಸ್ಥಿತಿಯ ವರದಿಯನ್ನು ಬರಹದಲ್ಲಿ ಪಡೆಯಿರಿ. ಬರೆದದ್ದು ಸುಳ್ಳಾದರೆ ಎಷ್ಟು ದಿನದೊಳಗೆ ಹಿಂತಿರುಗಿಸಬಹುದು ಎಂಬುದನ್ನೂ ಕೇಳಿ. ಅಂತರ್ಜಾಲದಲ್ಲಿ ಕೊಳ್ಳುವುದಾದರೆ ಹೊಟ್ಟೆ, ಕುತ್ತಿಗೆಯ ಎರಡೂ ಬದಿ, ಕೊಕ್ಕು ಇವುಗಳ ಚಿತ್ರ ಬಾರದೆ ಹಣ ಕಳಿಸಬೇಡಿ.

ಆರನೆಯ ಹೆಜ್ಜೆ: ಮನೆಗೆ ತಂದ ಮೇಲೆ

ಏನೂ ಮಾಡಬೇಡಿ. ತೊಳೆಯಬೇಡಿ, ಎಣ್ಣೆ ಹಚ್ಚಬೇಡಿ, ವಾರ್ನಿಷ್ ಬೇಡ, ‘ಸ್ವಲ್ಪ ಮಿಂಚಲಿ’ ಎಂಬ ಆಸೆಯೂ ಬೇಡ. ದೀಪಾವಳಿಯ ಶುಚಿಗೊಳಿಸುವಿಕೆಯಲ್ಲಿ ಒದ್ದೆ ಬಟ್ಟೆ ಹಿಡಿದು ಬರುವ ನೆಂಟರಿಂದ ಕಾಪಾಡುವುದೇ ನನಗೆ ದೊಡ್ಡ ಕೆಲಸ. ಮೆತ್ತನೆಯ ಒಣ ಕುಂಚದಿಂದ ಧೂಳು ತೆಗೆದರೆ ಸಾಕು. ನೇರ ಬಿಸಿಲು ಬಣ್ಣವನ್ನು ತಿನ್ನುತ್ತದೆ. ಚಳಿಗಾಲದಲ್ಲಿ ಹೀಟರಿನ ಒಣಗಾಳಿ ಟೊಳ್ಳು ಬಾತಿನ ಕೂಡುಗೆರೆಯನ್ನು ಬಿಡಿಸುತ್ತದೆ. ಊರಿಗೆ ಒಯ್ಯುವವರು, ಅದರಲ್ಲೂ ಕರಾವಳಿ, ಮಲೆನಾಡಿನವರು, ಮಳೆಗಾಲದ ತೇವಕ್ಕೂ ಬೂಷ್ಟಿಗೂ ಸಿದ್ಧರಾಗಿರಬೇಕು. ಹೊಟ್ಟೆಯ ಕೆಳಗೆ ಹಿಟ್ಟಿನಂಥ ಪುಡಿ ಬಿದ್ದಿದ್ದರೆ ಮರಹುಳು ಇದೆಯೆಂದರ್ಥ. ಉಳಿದವುಗಳಿಂದ ಕೂಡಲೇ ಬೇರ್ಪಡಿಸಿ, ಮ್ಯೂಸಿಯಂ ವಸ್ತುಗಳ ಸಂರಕ್ಷಣೆ ಬಲ್ಲವರನ್ನು ಕೇಳಿ. ಹಳೆಯ ಬಣ್ಣದಲ್ಲೂ ಭಾರದಲ್ಲೂ ಸೀಸವಿರುವುದರಿಂದ ಮುಟ್ಟಿದ ಮೇಲೆ ಕೈ ತೊಳೆಯಿರಿ, ಮಕ್ಕಳ ಕೈಗೆ ಎಟುಕದಂತೆ ಇಡಿ. ಆಟಿಕೆಯಂತೆ ಕಾಣುವುದೇ ಇವುಗಳ ಅಪಾಯ.

ಕೊನೆಯದಾಗಿ, ದಾಖಲೆ. ಪ್ರತಿ ಬಾತಿಗೂ ಒಂದು ಹಾಳೆ: ಯಾರಿಂದ, ಯಾವಾಗ, ಎಷ್ಟಕ್ಕೆ ಕೊಂಡದ್ದು, ಮಾರಿದವರು ಹೇಳಿದ ಕಥೆ, ಅದರಲ್ಲಿ ನೀವು ನಂಬಿದ್ದೆಷ್ಟು, ನಾಲ್ಕು ಕಡೆಯ ಚಿತ್ರ, ಹೊಟ್ಟೆಯದು ತಪ್ಪದೆ. ಬಾತಿನ ಮೇಲೆ ಏನನ್ನೂ ಬರೆಯದೆ ದಾರದ ಚೀಟಿ ಕಟ್ಟಿ. ನನ್ನ ಕಪಾಟಿನ ಮೊದಲ ಸಾಲಿನಲ್ಲಿ ಆ ಕರಿಬಾತು ಈಗಲೂ ಇದೆ. ಅದರ ಚೀಟಿಯಲ್ಲಿ ಹೀಗೆ ಬರೆದಿದ್ದೇನೆ: ‘ಒಡಲು: ಬಾರ್ನೆಗಾಟ್, ಟೊಳ್ಳು ಸೀಡರ್, ಸೀಸದ ಭಾರ ಮೂಲದ್ದು. ತಲೆ: ಯಾರದೋ. ಬೆಲೆ: ಹೆಚ್ಚಾಯಿತು.’